ಒಪ್ಪಿಗೆಪತ್ರ

ಹಿರಿಯೂರು ಸೀಮೆಯ ಆದಿವಾಲದಿಂದ ಪರಿಚಿತ ರೈತರೊಬ್ಬರು ಈಚೆಗೆ ನಮ್ಮ ಮನೆಗೆ ಬಂದರು. ಜೊತೆಯಲ್ಲಿ ಹನ್ನೊಂದು ವರ್ಷದ ಮಗಳು. ಆಕೆಗೆ ಮೊದಲನೆಯ ಬಗೆಯ ಮಧುಮೇಹವೆಂದು ಗೊತ್ತಾಗಿ ಮೂರು ವಾರವಾಗಿತ್ತು. ಔಷಧ ಪ್ರಯೋಗವೊಂದಕ್ಕೆ ಆಕೆಯನ್ನು ಸೇರಿಸಬಹುದೆಂದು ಬೆಂಗಳೂರಿನ ವೈದ್ಯರು ಒಪ್ಪಿಗೆಪತ್ರ ಕೊಟ್ಟಿದ್ದರು.

“ಕನ್ನಡದಾಗೇ ಐತೆ ಮೇಷ್ಟ್ರೇ, ಆದ್ರೂ ತಲೆಗೆ ಹತ್ತಲಿಲ್ಲ” ಎಂದು ಕಾಗದವನ್ನು ನನ್ನ ಮುಂದಿಟ್ಟರು.

‘ಯಾದೃಚ್ಛಿಕ ಹಂಚಿಕೆ’ ಎಂಬ ಮಾತು ಮೊದಲ ಪುಟದಲ್ಲಿಯೇ ಇತ್ತು. ಕನ್ನಡವನ್ನೇ ಬೋಧಿಸಿ ಬದುಕುವ ನಾನೂ ಅಲ್ಲಿ ತಡವರಿಸಿದೆ. ಯಾವ ಮಗುವಿಗೆ ನಿಜವಾದ ಔಷಧ, ಯಾವುದಕ್ಕೆ ಔಷಧದಂತೆ ತೋರುವ ಬರಿಯ ದ್ರವ ಎಂಬುದು ಚೀಟಿ ಎತ್ತಿದ ಹಾಗೆ ನಿಶ್ಚಯವಾಗುತ್ತದೆ. ಇಷ್ಟೇ ಅದರ ಅರ್ಥ. ಹೀಗೆ ಬಿಡಿಸಿ ಹೇಳಿದೊಡನೆ ತಂದೆಯ ಮುಖ ಕಳೆಗುಂದಿತು. ‘ಪ್ರಯೋಗ’ವನ್ನು ಅವರು ‘ಚಿಕಿತ್ಸೆ’ಯೆಂದೇ ತಿಳಿದಿದ್ದರು, ಇನ್ಸುಲಿನ್ ಸೂಜಿ ತಪ್ಪೀತೆಂದು ಆಸೆಪಟ್ಟಿದ್ದರು.

ಆ ಆಸೆಯನ್ನು ಹಳಿಯುವಂತಿಲ್ಲ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಕೊಟ್ಟ ಮೊದಲ ಇನ್ಸುಲಿನ್ನೂ ಪ್ರಯೋಗವೇ. ಅಂದು ಅದು ಹೆಚ್ಚೇನೂ ಫಲಿಸಲಿಲ್ಲ, ಚುಚ್ಚಿದೆಡೆ ಬಾವು ಬಂತು. ಹನ್ನೆರಡು ದಿನಗಳ ಬಳಿಕ ಶುದ್ಧಿಗೊಳಿಸಿದ ಔಷಧ ಅವನನ್ನು ಉಳಿಸಿತು. ಆದರೆ ಅವನೆದುರಿಗಿದ್ದುದು ಸಾವೊಂದೇ. ಈ ಹುಡುಗಿಗೆ ಇನ್ಸುಲಿನ್ ಉಂಟು. ಈ ಭೇದವನ್ನು ಮರೆಸಿ ಥಾಂಪ್ಸನ್ನನ ಕಥೆ ಹೇಳುವವರು ಹೆತ್ತವರಿಗೆ ಉಪಕಾರ ಮಾಡುವುದಿಲ್ಲ.

ದೇಹದ ಕಾವಲುಪಡೆಯೇ ಇನ್ಸುಲಿನ್ ಒಸರುವ ಜೀವಕೋಶಗಳ ಮೇಲೆ ತಿರುಗಿಬೀಳುವುದು ಈ ರೋಗದ ಮೂಲ. ಈ ನಾಶ ಹಠಾತ್ತನೆ ಆಗುವುದಲ್ಲ, ಮೆಲ್ಲಮೆಲ್ಲನೆ ನಡೆಯುವುದೆಂಬುದನ್ನು, ಒಂದೇ ರೂಪದ ಅವಳಿ ತ್ರಿವಳಿಗಳನ್ನು ಗಮನಿಸಿ, 1983ರ ಪ್ರಬಂಧವೊಂದು ತೋರಿಸಿತು. ಅದರ ಮೊದಲ ಲೇಖಕರು ಮುಂದೆ ಬೆಂಗಳೂರಿನ ಸಮತ್ವಂ ಕೇಂದ್ರದಲ್ಲಿ ವೈದ್ಯರಾದ ಡಾ. ಶ್ರೀಕಾಂತ. ಮೆಲ್ಲನೆ ಆಗುವುದನ್ನು ತಡೆಯಲೂಬಹುದಷ್ಟೆ! ಇಂದಿನ ಹಲವು ಪ್ರಯೋಗಗಳ ಹುರುಪು ಇದೇ. ಟೆಪ್ಲಿಝುಮಾಬ್ ಎಂಬ ಔಷಧವನ್ನು ಹೊಸದಾಗಿ ರೋಗ ಕಂಡ 328 ಮಂದಿ ಮಕ್ಕಳಲ್ಲಿ ಪರೀಕ್ಷಿಸಿದ ಫಲ 2023ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಜೀವಕೋಶಗಳ ಶಕ್ತಿ ಹೆಚ್ಚು ಉಳಿದಿತ್ತು. ಆದರೆ ಬೇಕಾದ ಇನ್ಸುಲಿನ್ನಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ.

ಆ ಪ್ರಯೋಗಕ್ಕೆ ರೋಗ ಗೊತ್ತಾದ ಆರು ವಾರದೊಳಗೆ ಸೇರಬೇಕಿತ್ತು. ಆರು ವಾರವೆಂದರೆ, ತಾಯಿ ಇನ್ನೂ ಕೈ ನಡುಗದೆ ಸೂಜಿ ಹಿಡಿಯಲು ಕಲಿಯುತ್ತಿರುವ ಹೊತ್ತು. ಆದಿವಾಲದಿಂದ ಬೆಂಗಳೂರಿಗೆ ಸುಮಾರು 150 ಕಿಲೋಮೀಟರು. ಪ್ರತಿ ಭೇಟಿಗೂ ಶಾಲೆ ತಪ್ಪುತ್ತದೆ, ಹೊಲದ ಕೆಲಸ ನಿಲ್ಲುತ್ತದೆ. ಒಪ್ಪಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದೆಂಬುದು ಪತ್ರದ ಕೊನೆಯಲ್ಲಿತ್ತು. ಮೊದಲೇ ಇರಬೇಕಾದ ಮಾತದು.

ಏಳು ತುಂಬಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆಂಬ ನಿಯಮವುಂಟು. ಹುಡುಗಿಯತ್ತ ತಿರುಗಿದೆ.

“ನನಗೆ ಬರೀ ನೀರು ಬಂದ್ರೂ ಬೆಂಗಳೂರಿಗೆ ಹೋಗ್ತಾನೇ ಇರಬೇಕಾ?”

“ಹೋಗಬೇಕಮ್ಮ” ಎಂದೆ.

ತಂದೆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಸಹಿ ಮಾಡಿರಲಿಲ್ಲ. ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳನ್ನು ಮಗಳೇ ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಳು.