ದೆವ್ವ ತಮಿಳು ಮಾತಾಡಿದಾಗ



ಲಂಡನ್ನಿನ ಒಂದು ಮನೆ. ಹನ್ನೊಂದು ವರ್ಷದ ಹುಡುಗಿಯ ಬಾಯಿಂದ ಮುದುಕನೊಬ್ಬನ ಒರಟು ದನಿ ಹೊರಡುತ್ತದೆ. ಅದೂ ತಮಿಳಿನಲ್ಲಿ! ಮನೆ, ಮಳೆ, ಉಡುಪು ಎಲ್ಲವೂ ಇಂಗ್ಲೆಂಡಿನವು. ಮಾತು ಮಾತ್ರ ತಮಿಳುನಾಡಿನದು. ನಗು ತರಿಸಬೇಕಾದ ಈ ಜೋಡಣೆ ನಮ್ಮನ್ನು ಹೆದರಿಸುವುದು ಹೇಗೆ?

ಜೇಮ್ಸ್ ವಾನ್ ನಿರ್ದೇಶಿಸಿದ 'ದ ಕಂಜ್ಯೂರಿಂಗ್ 2' ಚಿತ್ರವು 2016ರಲ್ಲಿ ಭಾರತದಲ್ಲಿ ತಮಿಳಿನಲ್ಲಿಯೂ ತೆರೆಕಂಡಿತು. ಉತ್ತರ ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ 1977ರಲ್ಲಿ ಸುದ್ದಿಯಾದ ಘಟನೆಗಳನ್ನು ಆಧರಿಸಿದ ಕಥೆ ಅದು.

ಇಂಥ ಚಿತ್ರಗಳಲ್ಲಿ ಮಾತು ಒಂದು ಪಟ್ಟಿಯಲ್ಲಿಯೂ, ಸಂಗೀತ ಮತ್ತು ಇತರ ಶಬ್ದಗಳು ಇನ್ನೊಂದರಲ್ಲಿಯೂ ಇರುತ್ತವೆ. ಡಬ್ಬಿಂಗ್ ಮಾಡುವಾಗ ಮಾತಿನ ಪಟ್ಟಿಯನ್ನಷ್ಟೇ ತೆಗೆದು ಹೊಸದನ್ನು ಸೇರಿಸುತ್ತಾರೆ. ಬಾಗಿಲಿನ ಕಿರುಗುಟ್ಟುವಿಕೆ, ಮಹಡಿಯ ಹೆಜ್ಜೆ ಸಪ್ಪಳ, ಎದೆ ನಡುಗಿಸುವ ವಾದ್ಯ ಹಾಗೆಯೇ ಉಳಿಯುತ್ತವೆ. ಅಂದರೆ ಭಯದ ಅರ್ಧಪಾಲು ಅನುವಾದವಿಲ್ಲದೆಯೇ ನಮ್ಮನ್ನು ತಲುಪುತ್ತದೆ.

ಉಳಿದರ್ಧ ಕಷ್ಟದ ಕೆಲಸ. ವ್ಯಾಕರಣ ಪಾಠದ ಓಷ್ಠ್ಯಾಕ್ಷರಗಳನ್ನು ನೆನಪಿಸಿಕೊಳ್ಳಿ. ಪ, ಬ, ಮ ಎನ್ನುವಾಗ ತುಟಿ ಮುಚ್ಚುತ್ತದೆ. ಪರದೆಯ ಮೇಲೆ ತುಟಿ ಮುಚ್ಚಿದಾಗ ತಮಿಳಿನಲ್ಲಿಯೂ ಅಂಥದೇ ಅಕ್ಷರ ಬಂದರೆ ಕಣ್ಣು ಒಪ್ಪುತ್ತದೆ. 'ಮಮ್' ಎಂಬ ಕೂಗಿಗೆ 'ಅಮ್ಮಾ' ಸುಲಭವಾಗಿ ಹೊಂದುತ್ತದೆ. ಎಲ್ಲ ಮಾತಿಗೂ ಅಂಥ ಅದೃಷ್ಟವಿಲ್ಲ. 'ನಿನ್ನ ಹಿಂದೆ ಯಾರೋ ಇದ್ದಾರೆ' ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿದರೆ 'ನಿನ್ನ ಹಿಂದೆ' ಎಂಬುದು ಕೊನೆಗೆ ಬರುತ್ತದೆ. ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಮೊದಲೇ ಬರುತ್ತದೆ. ನಟ ಬೆಚ್ಚುವ ಕ್ಷಣಕ್ಕೆ ಯಾವ ಪದ ಕೇಳಿಸಬೇಕೆಂದು ಸಂಭಾಷಣೆ ಬರೆಯುವವರು ತೂಗಿ ನೋಡಬೇಕಾಗುತ್ತದೆ.

ಆದರೆ ದೆವ್ವದ ಚಿತ್ರ ಡಬ್ಬಿಂಗ್‌ಗೆ ಒಂದು ಅನುಕೂಲವನ್ನೂ ಮಾಡಿಕೊಡುತ್ತದೆ. ದೆವ್ವ ಕತ್ತಲಲ್ಲಿ, ಬೆನ್ನ ಹಿಂದೆ ಮಾತಾಡುವುದೇ ಹೆಚ್ಚು. ಈ ಚಿತ್ರದ ಒಂದು ದೃಶ್ಯದಲ್ಲಿ ಹುಡುಗಿ ಬಾಯಲ್ಲಿ ನೀರು ತುಂಬಿಕೊಂಡಿದ್ದರೂ ದನಿ ಬರುತ್ತದೆ. ತುಟಿಯ ಕಟ್ಟುಪಾಡಿಲ್ಲದ ಇಂಥ ಕಡೆ ಕಂಠದಾನ ಕಲಾವಿದನಿಗೆ ಪೂರ್ಣ ಸ್ವಾತಂತ್ರ್ಯ.

ಇಂಗ್ಲಿಷ್ ಮೂಲಗಳಲ್ಲಿಯೂ ದನಿ ಯಾವಾಗಲೂ ನಟಿಯದೇ ಅಲ್ಲ. 1973ರ 'ದ ಎಕ್ಸಾರ್ಸಿಸ್ಟ್' ಚಿತ್ರದಲ್ಲಿ ಪರದೆಯ ಮೇಲಿದ್ದವಳು ಬಾಲನಟಿ ಲಿಂಡಾ ಬ್ಲೇರ್. ಪಿಶಾಚಿಯ ದನಿ ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಅವರದು. ಮೊದಲಿಗೆ ಅವರ ಹೆಸರೇ ಚಿತ್ರದಲ್ಲಿ ಇರಲಿಲ್ಲ. ಶ್ರೇಷ್ಠ ಶಬ್ದಗ್ರಹಣಕ್ಕಾಗಿ ಆ ಚಿತ್ರ ಆಸ್ಕರ್ ಪಡೆಯಿತು.

ಇನ್ನು ಪದಗಳ ಮಾತು. ತಮಿಳಿನಲ್ಲಿ 'ಆವಿ' ಎಂದರೆ ಪ್ರೇತವೂ ಹೌದು. ಕ್ರೈಸ್ತರ ಪ್ರಾರ್ಥನೆಯಲ್ಲಿ 'ಪರಿಶುದ್ಧ ಆವಿ' ಎಂದರೆ ಪವಿತ್ರಾತ್ಮವೂ ಹೌದು. ನಮಗೆ 'ಆವಿ' ಬರೀ ಇಡ್ಲಿ ಪಾತ್ರೆಯದು! ಪಾದ್ರಿಯ ವಿಧಿಯನ್ನು 'ಪೇಯ್ ಓಟ್ಟುದಲ್', ಅಂದರೆ ದೆವ್ವ ಓಡಿಸುವುದು, ಎಂದೊಡನೆ ಲಂಡನ್ ಮರೆಯಾಗಿ ಊರಾಚೆಯ ಹುಣಸೆಮರ ನೆನಪಿಗೆ ಬರುತ್ತದೆ.

ಕನ್ನಡದಲ್ಲಿ ದಶಕಗಳ ಕಾಲ ಡಬ್ಬಿಂಗ್‌ಗೆ ವಿರೋಧವಿತ್ತು. ಅದನ್ನು ತಡೆಯುವುದು ಸ್ಪರ್ಧಾ ನಿಯಮಕ್ಕೆ ವಿರುದ್ಧವೆಂದು 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಹೇಳಿತು. ಅದುವರೆಗೆ ನಮ್ಮಲ್ಲಿ ಅನೇಕರಿಗೆ ಹಾಲಿವುಡ್ಡಿನ ದೆವ್ವಗಳು ಪರಿಚಯವಾದದ್ದು ನೆರೆಭಾಷೆಗಳಲ್ಲಿಯೇ. 'ಓಡು' ಎಂಬುದು ತಮಿಳಿನಲ್ಲಿಯೂ 'ಓಡು' ಆದ್ದರಿಂದ ಹೆದರಲು ತೊಂದರೆಯಾಗಲಿಲ್ಲ!

ಇಲ್ಲಿಯೇ ನೀವು ಎಚ್ಚರವಾಗಿರಬೇಕು. ಇಂಗ್ಲಿಷಿನಲ್ಲಿ ಬರೀ ಕಥೆ ಎನಿಸಿದ್ದು ತಿಳಿದ ನುಡಿಯಲ್ಲಿ ನಡೆದದ್ದು ಎನಿಸಿಬಿಡಬಹುದು. 'ಸತ್ಯಕಥೆ' ಎಂಬ ಬರಹ ಅದಕ್ಕೆ ಇಂಬು ಕೊಡುತ್ತದೆ. ಆದರೆ ಎನ್‌ಫೀಲ್ಡಿನ ಮಕ್ಕಳೇ ಕೆಲವು ಚೇಷ್ಟೆಗಳನ್ನು ತಾವು ಮಾಡಿದ್ದಾಗಿ ಒಪ್ಪಿಕೊಂಡಿದ್ದರು. ದನಿಯನ್ನು ಹುಡುಗಿಯೇ ಹೊರಡಿಸುತ್ತಿದ್ದಳೆಂದು ಸಂಶಯಪಟ್ಟವರೂ ಇದ್ದರು. ಚಿತ್ರ ಆ ಸಂಶಯವನ್ನು ತೋರಿಸಿದರೂ ಕೊನೆಗೆ ದೆವ್ವದ ಪಕ್ಷವನ್ನೇ ವಹಿಸುತ್ತದೆ.

ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮ ವಯಸ್ಸಿಗೆ ತಕ್ಕ ಯಾವುದೇ ಡಬ್ಬಿಂಗ್ ಚಿತ್ರದ ಒಂದು ದೃಶ್ಯವನ್ನು ಮೊದಲು ದನಿಯಿಲ್ಲದೆ ನೋಡಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿ. ಮನೆಯಲ್ಲಿ ತಮ್ಮನೋ ತಂಗಿಯೋ ರಾತ್ರಿ ಹೆದರುತ್ತಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿತ್ರ ಬೇರೆ, ದನಿ ಬೇರೆ ಎಂದು ತಿಳಿದ ಮಗುವಿಗೆ ದೀಪ ಆರಿಸಿ ಮಲಗುವುದು ಅಷ್ಟು ಕಷ್ಟವಾಗಲಾರದು.