ದಾದಿಯ ಡಬ್ಬಿಯಲ್ಲಿದ್ದ ಸಬಾ ನಾಡಿನ ನಾಣ್ಯ

ಹತ್ತನೇ ತರಗತಿ ಮುಗಿಸಿದ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಕಳೆದ ರಜೆಯಲ್ಲಿ ಹಳೆಯ ತಗಡಿನ ಡಬ್ಬಿಯೊಂದನ್ನು ಹಿಡಿದು ಶಿರಸಿಯ ನಮ್ಮ ಮನೆಗೆ ಬಂದರು. ಅದು ಅವರ ದಾದಿಯದು. ದಾದಾ ಏಡನ್‌ನಲ್ಲಿ ದುಡಿದು ಬಂದವರಂತೆ. 1937ರವರೆಗೆ ಏಡನ್ ಬ್ರಿಟಿಷ್ ಇಂಡಿಯಾದ ಆಡಳಿತಕ್ಕೇ ಸೇರಿತ್ತು, ಅಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತು. ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲೂ ಇಂಥ ಡಬ್ಬಿಗಳು ಇರಬಹುದು.

“ಮಾಸ್ತರೇ, ಇದರ ಫೋಟೋ ನೋಡಿ ಒಬ್ಬರು ಫೋನ್ ಮಾಡಿದ್ದಾರೆ. ಬಿಲ್ಕೀಸ್ ರಾಣಿಯ ನಾಣ್ಯವಂತೆ, ಲಕ್ಷಗಟ್ಟಲೆ ಬೆಲೆಯಂತೆ. ನೋಂದಣಿಗೆ ಮೊದಲು ಐದು ಸಾವಿರ ಕಳಿಸಬೇಕಂತೆ. ಮಗಳ ಕಾಲೇಜು ಫೀಸಿಗೆ ಆಗುತ್ತದಲ್ಲ?”

ಹಣ ಕಳಿಸಬೇಡಿ ಎಂದೆ. ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ ಕೇಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಅಲ್ಲದೆ ಸಬಾದ ರಾಣಿಯ ನಾಣ್ಯ ಇರುವುದೇ ಸಾಧ್ಯವಿಲ್ಲ. ಆಕೆ ಸುಲೈಮಾನ್ (ಅ)ರ ಕಾಲದವಳು. ದಕ್ಷಿಣ ಅರೇಬಿಯಾದಲ್ಲಿ ನಾಣ್ಯ ಟಂಕಿಸತೊಡಗಿದ್ದು ಎಷ್ಟೋ ಶತಮಾನಗಳ ನಂತರ, ಕ್ರಿ.ಪೂ. 4ನೇ ಶತಮಾನದ ಸುಮಾರಿಗೆ.

ಹಾಗಾದರೆ ಡಬ್ಬಿಯಲ್ಲಿದ್ದದ್ದೇನು? ದೊಡ್ಡದರ ಮೇಲೆ ತುಂಬು ಮೈಯ ರಾಣಿಯ ಚಿತ್ರ, 1780 ಎಂಬ ಇಸವಿ. ಅದು ಆಸ್ಟ್ರಿಯಾದ ಮರಿಯಾ ಥೆರೇಸಾ ಥಾಲರ್. ತೂಕ ಸುಮಾರು 28 ಗ್ರಾಂ. ಯೆಮನ್‌ನಲ್ಲಿ 20ನೇ ಶತಮಾನದಲ್ಲೂ ಅದು ಚಲಾವಣೆಯಲ್ಲಿತ್ತು. ಬೇರೆ ಬೇರೆ ಟಂಕಸಾಲೆಗಳು ಅದೇ ಇಸವಿ ಹಾಕಿ ಮತ್ತೆ ಮತ್ತೆ ಅಚ್ಚೊತ್ತಿದ್ದರಿಂದ ಇಸವಿ ನೋಡಿ ವಯಸ್ಸು ಹೇಳಲಾಗದು. ಅದರ ಬೆಲೆ ಹೆಚ್ಚಾಗಿ ಬೆಳ್ಳಿಯ ಬೆಲೆಯ ಆಸುಪಾಸು.

ಇನ್ನೊಂದು ಬೆರಳ ತುದಿಯಷ್ಟು ಚಿಕ್ಕದು. ಎರಡೂ ಬದಿ ತಲೆಯ ಚಿತ್ರ, ಸುತ್ತ ಬಿಡಿಬಿಡಿಯಾದ ನೆಟ್ಟನೆಯ ಅಕ್ಷರಗಳು. ಅರಬಿ ಕಲಿತ ನನಗೂ ಓದಲಾಗಲಿಲ್ಲ. ಅದು ಇಸ್ಲಾಮಿಗೂ ಹಿಂದಿನ ಮುಸ್ನದ್ ಲಿಪಿ. ಹಿಮ್ಯರ್ ಅರಸರ ಬೆಳ್ಳಿ ನಾಣ್ಯಗಳಲ್ಲಿ ಹೀಗೆ ತಲೆಯ ಚಿತ್ರದೊಂದಿಗೆ ‘ರೈದಾನ್’ ಎಂಬ ಹೆಸರು ಇರುತ್ತದೆ. ಅದಕ್ಕೂ ಹಳೆಯವುಗಳಲ್ಲಿ ಗ್ರೀಕರ ಅಥೆನ್ಸ್ ನಾಣ್ಯವನ್ನು ಅನುಕರಿಸಿದ ಗೂಬೆ ಇದೆ, ಹದ್ರಮೌತಿನವುಗಳಲ್ಲಿ ಹೋರಿ. ಚಿತ್ರವಿಲ್ಲದೆ ಕಲಿಮಾ ಇರುವ ದೀನಾರ್ ಆದರೆ ಅದು ಖಲೀಫಾ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ ತಂದ ಸುಧಾರಣೆಯ ನಂತರದ್ದು.

“ಬೆಳಗಲೆಂದು ಹುಣಸೆಹುಳಿ ಹಚ್ಚಿ ತಿಕ್ಕಿದೆ” ಎಂದರು ಆಕೆ. ನನ್ನ ಎದೆ ಧಸಕ್ಕೆಂದಿತು. ಅಕ್ಷರಗಳ ಅರ್ಧಭಾಗ ಅಳಿಸಿಹೋಗಿತ್ತು!

ಸಹೋದರಿಯರೇ, ಬೆಲೆ ನಿಲ್ಲುವುದು ಹಳತನದ ಮೇಲಲ್ಲ. ನಾಣ್ಯ ಎಷ್ಟು ಅಪರೂಪ, ಅಕ್ಷರ ಎಷ್ಟು ಸ್ಪಷ್ಟ, ಎಲ್ಲಿಂದ ಬಂತು ಎಂಬುದರ ಮೇಲೆ. ಆದ್ದರಿಂದ ತಿಕ್ಕಬೇಡಿ, ಕರಗಿಸಬೇಡಿ. ಅಂಚು ಹಿಡಿದು ನೋಡಿ. ಅಂಚಿನ ಸುತ್ತ ಬೆಸುಗೆಯಂಥ ಗೆರೆ ಇದ್ದರೆ ಎರಕ ಹೊಯ್ದ ನಕಲಿಯೆಂದು ಸಂಶಯಪಡಿ. ತೂಕ, ತಂದವರ ಹೆಸರು, ಊರು ಬರೆದಿಡಿ. ಯೆಮನ್ ಯುದ್ಧದ ನಂತರ ಅಲ್ಲಿಂದ ಲೂಟಿಯಾದ ಪ್ರಾಚೀನ ವಸ್ತುಗಳೂ ಮಾರಾಟಕ್ಕೆ ಬರುತ್ತಿರುವುದರಿಂದ ಈ ಚೀಟಿಯೇ ನಿಮ್ಮ ಪುರಾವೆ.

ಕಾನೂನೂ ತಿಳಿದಿರಲಿ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅದನ್ನು ಗಲ್ಫಿನಲ್ಲಿರುವ ಮಗನಿಗೆ ಕಳಿಸಿ ಮಾರಿಸುವಂತಿಲ್ಲ. ಬನವಾಸಿಯಂಥ ಪ್ರಾಚೀನ ಪಟ್ಟಣ ನಮ್ಮ ತಾಲೂಕಿನಲ್ಲೇ ಇದೆ. ನೆಲ ಅಗೆಯುವಾಗ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಲೇಬೇಕು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಚೀನ ಇತಿಹಾಸ ವಿಭಾಗದಲ್ಲಿ ತೋರಿಸಿ ಎಂದು ಹೇಳಿ ಕಳಿಸಿದೆ. ಫೀಸಿನ ಹಣ ಡಬ್ಬಿಯಿಂದ ಹುಟ್ಟಲಿಲ್ಲ, ನಿಜ. ಆದರೆ ಹೊಲಿಗೆಯಿಂದ ಕೂಡಿಟ್ಟ ಐದು ಸಾವಿರ ಉಳಿಯಿತು. ಕಾಲೇಜಿನ ಮೊದಲ ಕಂತು ಕಟ್ಟಿದ್ದು ಅದರಿಂದಲೇ.