ಹಿಡೀರಿ! ಟೆನ್ನಿಸ್ ಎಂಬ ಮಾತಿನ ಕಥೆ

ಮಕ್ಕಳು ಅಂಗಡಿಗೆ ಹೋಗಿ "ಒಂದು ಟೆನ್ನಿಸ್ ಬಾಲ್ ಕೊಡಿ" ಅಂತ ಕೇಳ್ತಾರೆ. ನಾವೆಲ್ಲ ಈ ಮಾತು ಕೇಳಿದ್ದೇವೆ. ತಂದ ಚೆಂಡಿನಲ್ಲಿ ಅವರು ಆಡೋದು ಕ್ರಿಕೆಟ್. ನಮ್ಮ ಹಳ್ಳಿಗಳಲ್ಲಿ ಟೆನ್ನಿಸ್ ಆಡುವವರು ಕಡಿಮೆ. ಆದರೆ ಟೆನ್ನಿಸ್ ಅನ್ನೋ ಮಾತು ಮಾತ್ರ ಊರೂರಿಗೂ ಬಂದುಬಿಟ್ಟಿದೆ.

ಟೆನ್ನಿಸ್ ಆಟ ಹೀಗಿರುತ್ತೆ. ನಡುವೆ ಒಂದು ಬಲೆ ಕಟ್ಟಿರುತ್ತಾರೆ. ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಲ್ಲುತ್ತಾರೆ. ಕೆಲವು ಸಲ ಇಬ್ಬಿಬ್ಬರು. ಕೈಯಲ್ಲಿ ರಾಕೆಟ್ಟು ಹಿಡಿದಿರುತ್ತಾರೆ. ರಾಕೆಟ್ಟು ಅಂದರೆ ಉದ್ದ ಹಿಡಿ ಇರುವ, ಜರಡಿಯ ಹಾಗೆ ದಾರ ಬಿಗಿದ ಬ್ಯಾಟು. ಚೆಂಡನ್ನು ಬಲೆಯ ಮೇಲಿಂದ ಆಚೆಗೆ ಹೊಡೆಯಬೇಕು. ಆಚೆಯವರು ಈಚೆಗೆ ಹೊಡೆಯಬೇಕು.

ಅಕ್ಕಂದಿರೇ, ನಮ್ಮ ಆಟಗಳ ಹೆಸರು ನೋಡಿ. ಕುಂಟೆಬಿಲ್ಲೆ ಅಂದರೆ ಕುಂಟುತ್ತಾ ಬಿಲ್ಲೆ ತಳ್ಳೋ ಆಟ. ಕಣ್ಣಾಮುಚ್ಚಾಲೆಯಲ್ಲಿ ಕಣ್ಣು ಮುಚ್ಚಬೇಕು. ಹೆಸರಿನಲ್ಲೇ ಆಟ ಇದೆ. ಟೆನ್ನಿಸ್ ಅನ್ನೋ ಹೆಸರಿನಲ್ಲಿ ಏನಿದೆ? ಬಲೆ ಅಂತಲೇ? ಚೆಂಡು ಅಂತಲೇ? ಎರಡೂ ಅಲ್ಲ.

ಕಬಡ್ಡಿ ಆಟ ನೆನಪು ಮಾಡಿಕೊಳ್ಳಿ. ಉಸಿರು ಬಿಗಿ ಹಿಡಿದು "ಕಬಡ್ಡಿ ಕಬಡ್ಡಿ" ಅನ್ನುತ್ತಾ ಆಚೆಯವರ ಅಂಕಣಕ್ಕೆ ನುಗ್ಗುತ್ತಾರೆ. ಬಾಯಲ್ಲಿ ಕೂಗೋ ಮಾತೇ ಆಟದ ಹೆಸರು. ಟೆನ್ನಿಸ್ ಕೂಡ ಹಾಗೇ. ಅದೂ ಒಂದು ಕೂಗು.

ಯಾರ ಕೂಗು? ಫ್ರಾನ್ಸ್ ದೇಶದವರ ಕೂಗು. ಫ್ರಾನ್ಸ್ ಇರೋದು ಯೂರೋಪಿನಲ್ಲಿ, ಇಂಗ್ಲೆಂಡಿನ ಪಕ್ಕದಲ್ಲಿ. ನಡುವೆ ಕಿರಿದಾದ ಒಂದು ಕಡಲು, ಅಷ್ಟೇ. ಅಲ್ಲಿಯ ಭಾಷೆ ಫ್ರೆಂಚ್. ಆ ಭಾಷೆಯಲ್ಲಿ "ಹಿಡೀರಿ, ತಗೊಳ್ಳಿ" ಅನ್ನೋದಕ್ಕೆ ಒಂದು ಮಾತಿದೆ. ಹಿಂದೆ ಅದನ್ನು ತೆನೆಟ್ಸ್ ಅನ್ನುತ್ತಿದ್ದರು. ಚೆಂಡು ಹೊಡೆಯುವವರು ಎದುರಿನವರಿಗೆ "ತೆನೆಟ್ಸ್!" ಅಂತ ಕೂಗಿ ಎಚ್ಚರ ಕೊಡುತ್ತಿದ್ದರು. ಕಾಫಿ ಲೋಟ ಕೊಡುವಾಗ ನಾವು "ಹಿಡೀರಿ" ಅನ್ನಲ್ವೇ? ಅದೇ ಮಾತು. ಅದೂ ಮರ್ಯಾದೆ ಮಾತು. "ಹಿಡಿ" ಅಲ್ಲ, "ಹಿಡೀರಿ".

ಈ ಆಟ ಕಡಲು ದಾಟಿ ಇಂಗ್ಲೆಂಡಿಗೆ ಹೋಯಿತು. ಇಂಗ್ಲಿಷರಿಗೆ ಆ ಮಾತಿನ ಅರ್ಥಕ್ಕಿಂತ ಕೂಗು ಕಿವಿಗೆ ಬಿತ್ತು. ಅದನ್ನೇ ಆಟದ ಹೆಸರು ಮಾಡಿಕೊಂಡರು. ಸುಮಾರು 1400ರಲ್ಲಿ ಜಾನ್ ಗೋವರ್ ಎಂಬ ಇಂಗ್ಲಿಷ್ ಕವಿ ಬರೆದ ಪದ್ಯದಲ್ಲಿ ತೆನೆಟ್ಸ್ ಅಂತಲೇ ಇದೆ. ಆಮೇಲೆ ಬಾಯಿಂದ ಬಾಯಿಗೆ ಸವೆದು ಸವೆದು ಟೆನ್ನಿಸ್ ಆಯ್ತು. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಇಂಗ್ಲಿಷರ ಲ್ಯಾಂಟರ್ನ್ ನಮ್ಮ ಬಾಯಲ್ಲಿ ಲಾಟೀನು ಆಗಲಿಲ್ಲವೇ? ನಾವು ಅವರ ಮಾತು ತಿದ್ದಿಕೊಂಡೆವು. ಅವರು ಫ್ರಾನ್ಸಿನವರ ಮಾತು ತಿದ್ದಿಕೊಂಡರು.

ಈಗ ಫ್ರಾನ್ಸಿನವರು ಆ ಮಾತಿನ ಕೊನೆಯ ಅಕ್ಷರ ನುಂಗಿ ತೆನೇ ಅನ್ನುತ್ತಾರೆ. ನಮ್ಮ ರಾಗಿ ತೆನೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಕಿವಿಗೆ ಒಂದೇ ಥರ ಕೇಳುತ್ತೆ, ಅಷ್ಟೇ. ಇನ್ನೂ ಕೆಲವರು ಬೇರೆ ಕಥೆ ಹೇಳ್ತಾರೆ. ಈಜಿಪ್ಟ್ ದೇಶದಲ್ಲಿ ತಿನ್ನಿಸ್ ಎಂಬ ಊರಿತ್ತು. ಅಲ್ಲಿ ಒಳ್ಳೆಯ ಬಟ್ಟೆ ನೇಯುತ್ತಿದ್ದರು. ಚೆಂಡಿಗೆ ಆ ಬಟ್ಟೆ ಸುತ್ತಿದ್ದರಿಂದ ಟೆನ್ನಿಸ್ ಅಂತ ಹೆಸರು ಬಂತು ಅನ್ನೋದು ಅವರ ವಾದ. ನಿಘಂಟು ಬರೆಯುವ ಪಂಡಿತರು ಹೆಚ್ಚಾಗಿ ಒಪ್ಪೋದು "ಹಿಡೀರಿ" ಅನ್ನೋ ಅರ್ಥವನ್ನೇ. ನಮಗೂ ಅದೇ ಸರಿ ಅನ್ನಿಸುತ್ತೆ.

ಫ್ರಾನ್ಸಿನವರು ಮಾತ್ರ ತಮ್ಮ ಆಟವನ್ನು ಟೆನ್ನಿಸ್ ಅನ್ನುತ್ತಿರಲಿಲ್ಲ. ಅವರು ಇಟ್ಟ ಹೆಸರು ಅಂಗೈ ಆಟ. ಯಾಕಂದ್ರೆ ಆಗ ರಾಕೆಟ್ಟು ಇರಲಿಲ್ಲ. ಬರೀ ಅಂಗೈಯಿಂದ ಚೆಂಡು ಬಡಿಯುತ್ತಿದ್ದರು. ಒಳಗೆ ಉಣ್ಣೆ ತುಂಬಿ ಹೊಲಿದ ಗಟ್ಟಿ ಚೆಂಡು ಅದು. ಕೈ ಉರಿ ಬರದೆ ಇರುತ್ತದೆಯೇ! ಆಮೇಲೆ ಕೈಗೆ ಗವಸು ಹಾಕಿಕೊಂಡರು. ಬರಬರುತ್ತಾ ಕುರಿ ಕರುಳಿನ ದಾರ ಬಿಗಿದ ರಾಕೆಟ್ಟು ಬಂತು. ಚೆಂಡಿನಲ್ಲಿ ಮೋಸವೂ ಇತ್ತು. ಉಣ್ಣೆ ಉಳಿಸೋಕೆ ಮರಳು, ಸುಣ್ಣದ ಪುಡಿ, ಮರದ ಹೊಟ್ಟು ತುಂಬಿ ಮಾರುತ್ತಿದ್ದರು. 1480ರಲ್ಲಿ ಫ್ರಾನ್ಸಿನ ರಾಜ ಹನ್ನೊಂದನೇ ಲೂಯಿ ಅದನ್ನು ತಡೆಯಲು ಆಜ್ಞೆ ಹೊರಡಿಸಿದ. ಒಳ್ಳೇ ಚರ್ಮ, ಒಳ್ಳೇ ಉಣ್ಣೆ ಹಾಕಿಯೇ ಚೆಂಡು ಮಾಡಬೇಕು ಅಂದ.

ಅಂಗೈ ಆಟ ಅಂದಕೂಡಲೇ ಒಬ್ಬ ಹೆಣ್ಣುಮಗಳ ಮಾತು ಹೇಳಲೇಬೇಕು. ಅವಳ ಹೆಸರು ಮಾರ್ಗೋ. ಈಗಿನ ಬೆಲ್ಜಿಯಂ ಕಡೆಯ ಹೆನೋ ಎಂಬ ಸೀಮೆಯವಳು. ವಯಸ್ಸು 28-30 ಇರಬಹುದು. 1427ರಲ್ಲಿ ಅವಳು ಪ್ಯಾರಿಸ್ ನಗರಕ್ಕೆ ಬಂದಳು. ಅಂಗೈಯಲ್ಲೂ ಹೊಡೆದಳು, ಕೈ ಹಿಂದುಮುಂದು ಮಾಡಿ ಮುಂಗೈ ಕಡೆಯಿಂದಲೂ ಹೊಡೆದಳು. ಬಲವೂ ಇತ್ತು, ಜಾಣತನವೂ ಇತ್ತು. ಬಹಳ ಗಟ್ಟಿ ಆಟಗಾರರನ್ನು ಬಿಟ್ಟರೆ ಉಳಿದ ಗಂಡಸರು ಅವಳ ಮುಂದೆ ಸೋತರು.

ಇದು ನಮಗೆ ಹೇಗೆ ಗೊತ್ತಾಯ್ತು? ಆಗ ಪ್ಯಾರಿಸ್ಸಿನಲ್ಲಿ ಒಬ್ಬರು ದಿನಚರಿ ಬರೆಯುತ್ತಿದ್ದರು. ಊರಿನಲ್ಲಿ ನಡೆದದ್ದನ್ನು ಬರೆದು ಇಡುತ್ತಿದ್ದರು. ಅದರಲ್ಲಿ ಮಾರ್ಗೋ ಬಗ್ಗೆ ನಾಲ್ಕು ಸಾಲು ಬರೆದರು. ಬರೆದವರ ಹೆಸರು ಉಳಿಯಲಿಲ್ಲ. ಮಾರ್ಗೋ ಹೆಸರು ಉಳಿಯಿತು. ಸುಮಾರು 600 ವರ್ಷ ಆದ ಮೇಲೆ ನಾವು ಇಲ್ಲಿ ಕೂತು ಅವಳ ಹೆಸರು ಓದುತ್ತಿದ್ದೇವೆ.

ಟೆನ್ನಿಸ್ ಆಡೋ ಜಾಗಕ್ಕೆ ಕೋರ್ಟು ಅಂತಾರೆ. ಕೋರ್ಟು ಅಂದರೆ ನಮಗೆ ಮೊದಲು ನೆನಪಾಗೋದು ವಕೀಲರು, ವಾಯಿದೆ. ಆ ಕೋರ್ಟಿಗೂ ಈ ಕೋರ್ಟಿಗೂ ಏನು ಸಂಬಂಧ? ಸಂಬಂಧ ಇದೆ. ಕೋರ್ಟು ಅಂದರೆ ಮೂಲದಲ್ಲಿ ಸುತ್ತ ಗೋಡೆ ಇರುವ ಅಂಗಳ. ನಮ್ಮ ತೊಟ್ಟಿ ಮನೆಯ ತೊಟ್ಟಿ ಇದ್ದ ಹಾಗೆ. ಅಂಗೈ ಆಟವನ್ನು ಕ್ರೈಸ್ತ ಸನ್ಯಾಸಿಗಳ ಮಠದ ಅಂಗಳದಲ್ಲೂ ಆಡುತ್ತಿದ್ದರು, ಅರಮನೆಯಲ್ಲೂ ಆಡುತ್ತಿದ್ದರು. ರಾಜನ ಅಂಗಳಕ್ಕೂ ಕೋರ್ಟು ಅನ್ನುತ್ತಿದ್ದರು. ರಾಜ ನ್ಯಾಯ ಹೇಳುತ್ತಿದ್ದದ್ದು ಅಲ್ಲೇ. ಹಾಗಾಗಿ ನ್ಯಾಯ ಹೇಳೋ ಜಾಗಕ್ಕೂ ಅದೇ ಹೆಸರು ಬಂತು.

ಈಗ ನಾವು ಟಿ.ವಿ.ಯಲ್ಲಿ ನೋಡೋ ಟೆನ್ನಿಸ್ ಅಂಗಳದ್ದಲ್ಲ, ಬಯಲಿನದು. ಅದು ಬಂದದ್ದು ತಡವಾಗಿ. ಪುಟಿಯೋ ರಬ್ಬರ್ ಚೆಂಡು ಬಂದ ಮೇಲೆ ಹುಲ್ಲಿನ ಮೇಲೂ ಆಡಬಹುದಾಯ್ತು. 1874ರಲ್ಲಿ ಇಂಗ್ಲೆಂಡಿನಲ್ಲಿ ವಾಲ್ಟರ್ ವಿಂಗ್‌ಫೀಲ್ಡ್ ಎಂಬ ಸೈನ್ಯದ ಅಧಿಕಾರಿ ಈ ಹೊಸ ಆಟಕ್ಕೆ ಸರಕಾರದಿಂದ ಹಕ್ಕು ಪಡೆದ. ಬಲೆ, ಕಂಬ, ರಾಕೆಟ್ಟು, ಚೆಂಡು ಎಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿ ಮಾರಿದ. ಗ್ರೀಕ್ ಭಾಷೆಯಿಂದ ದೊಡ್ಡ ಹೆಸರು ಹುಡುಕಿ ತಂದ. ಸ್ಫೇರಿಸ್ಟಿಕೆ! ಓದೋಕೇ ನಾಲಗೆ ತೊಡರುತ್ತೆ. ಅಲ್ಲಿಯವರಿಗೂ ತೊಡರಿತು. ತಮಾಷೆಗೆ ಸ್ಟಿಕಿ ಅಂದರು. ಸ್ಟಿಕಿ ಅಂದರೆ ಅಂಟಂಟು. ಆದರೆ ಆ ಹೆಸರು ಯಾರ ಬಾಯಿಗೂ ಅಂಟಲಿಲ್ಲ. ಹುಲ್ಲುಹಾಸಿಗೆ ಇಂಗ್ಲಿಷಿನಲ್ಲಿ ಲಾನ್ ಅಂತಾರೆ. ಜನ ಲಾನ್ ಟೆನ್ನಿಸ್ ಅಂತ ಕರೆದರು. ಹಳೇ ಕೂಗೇ ಗೆದ್ದಿತು.

1877ರಲ್ಲಿ ಲಂಡನ್ನಿನ ವಿಂಬಲ್ಡನ್‌ನಲ್ಲಿ ಮೊದಲ ದೊಡ್ಡ ಪಂದ್ಯ ನಡೆಯಿತು. ಅದು ಗಂಡಸರಿಗೆ ಮಾತ್ರ. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1884ರಲ್ಲಿ. ಆಗ 13 ಜನ ಆಡಿದರು. ಕೊನೆಯ ಪಂದ್ಯದಲ್ಲಿ ಎದುರುಬದುರು ನಿಂತವರು ಒಂದೇ ಮನೆಯ ಅಕ್ಕತಂಗಿ, ಲಿಲಿಯನ್ ವಾಟ್ಸನ್ ಮತ್ತು ಮಾಡ್ ವಾಟ್ಸನ್. ತಂಗಿ ಮಾಡ್ ಗೆದ್ದಳು. ನೆಲ ಮುಟ್ಟೋ ಲಂಗ ತೊಟ್ಟುಕೊಂಡೇ ಓಡಾಡಿ ಆಡಬೇಕಿತ್ತು. ಗಂಡಸರಿಗೆ ಕೊಡುವಷ್ಟೇ ಬಹುಮಾನದ ಹಣ ಅಲ್ಲಿ ಹೆಂಗಸರಿಗೂ ಸಿಕ್ಕಿದ್ದು 2007ರಲ್ಲಿ. ಎಷ್ಟು ವರ್ಷ ಆಯ್ತು, ನೀವೇ ಲೆಕ್ಕ ಹಾಕಿ.

ಈ ಆಟದಲ್ಲಿ ಇನ್ನೂ ಒಂದೆರಡು ವಿಚಿತ್ರ ಮಾತುಗಳಿವೆ. ಒಬ್ಬರಿಗೆ 15 ಅಂಕ ಬಂದು ಇನ್ನೊಬ್ಬರಿಗೆ ಏನೂ ಬರದಿದ್ದರೆ "ಫಿಫ್ಟೀನ್ ಲವ್" ಅಂತಾರೆ. ಲವ್ ಅಂದರೆ ಪ್ರೀತಿ. ಆಟದಲ್ಲಿ ಮಾತ್ರ ಸೊನ್ನೆ! ಫ್ರೆಂಚಿನಲ್ಲಿ ಮೊಟ್ಟೆಗೆ ಲಫ್ ಅನ್ನೋ ಹಾಗೆ ಕೇಳೋ ಮಾತಿದೆ, ಅದೇ ಲವ್ ಆಯ್ತು ಅಂತ ಕೆಲವರು ಹೇಳ್ತಾರೆ. ನಮ್ಮಲ್ಲೂ ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಕೋಳಿಮೊಟ್ಟೆ ಅನ್ನಲ್ವೇ? ಕಥೆ ಚೆನ್ನಾಗಿದೆ. ಆದರೆ ಪಂಡಿತರು ಹೆಚ್ಚಾಗಿ ಒಪ್ಪೋದು ಇನ್ನೊಂದು ಮಾತನ್ನು. ಪಣದ ದುಡ್ಡು ಇಲ್ಲದೆ, ಬರೀ ಪ್ರೀತಿಗೆ ಆಡೋದು ಅನ್ನೋ ಮಾತು ಇಂಗ್ಲಿಷಿನಲ್ಲಿದೆ. ಪ್ರೀತಿಗೆ ಆಡಿದವರ ಕೈಯಲ್ಲಿ ಉಳಿಯೋದು ಏನೂ ಇಲ್ಲ. ಹಾಗೆ ಲವ್ ಅಂದರೆ ಏನೂ ಇಲ್ಲ ಅಂತ ಆಯ್ತು.

ಇಬ್ಬರಿಗೂ 40 ಬಂದು ಸಮ ಆದರೆ "ಡ್ಯೂಸ್" ಅಂತ ಕೂಗುತ್ತಾರೆ. ಇದೂ ಫ್ರೆಂಚಿನದೇ. ಅದರ ಮೂಲ ಅರ್ಥ ಎರಡು. ಗೆಲ್ಲಬೇಕಾದರೆ ಇನ್ನು ಬಿಡದೆ ಎರಡು ಅಂಕ ಪಡೆಯಬೇಕು. ಒಂದು ಪಡೆದು ಇನ್ನೊಂದು ಕಳೆದರೆ ಮತ್ತೆ ಡ್ಯೂಸ್. ಕೆಲವು ಸಲ ಹತ್ತಾರು ಬಾರಿ ಹೀಗೇ ಎಳೆದಾಡುತ್ತೆ. ಟಿ.ವಿ.ಯಲ್ಲಿ ಟೆನ್ನಿಸ್ ಬಂದಾಗ ಕಿವಿಗೊಟ್ಟು ಕೇಳಿ. ಲವ್, ಡ್ಯೂಸ್ ಎರಡೂ ಕೇಳಿಸುತ್ತವೆ. "ಹಿಡೀರಿ" ಅಂತ ಕೂಗೋದು ಮಾತ್ರ ಈಗ ಇಲ್ಲ. ಚೆಂಡು ಹೊಡೆಯುವವರು ಸುಮ್ಮನೆ ಹೊಡೆಯುತ್ತಾರೆ.